ಮಾರಿಕಣಿವೆಯ ಕೊನೆಯ ಇನ್ನೂರು ಮೀಟರ್

ಬಯಲುಗಾಲದ ನಲವತ್ತೊಂಬತ್ತನೆಯ ದಿನ, ಮಧ್ಯಾಹ್ನ
(ನಿಮ್ಮ ಎಣಿಕೆಯಲ್ಲಿ 2187ನೆಯ ಇಸವಿ, ಡಿಸೆಂಬರ್ 30)
ಕೋಟೆಬಂಡೆಯ ಕೆಳಸಾಲು, ಚಿತ್ರದುರ್ಗ

ಕೆಳಗೋಟೆಯ ರುದ್ರಮುನಿಯವರಿಗೆ,

ಮೇಲಿನ ತಾರೀಖು ನೋಡಿ ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದು ನಿಮಗೆ ಅನ್ನಿಸಿದರೆ ತಪ್ಪಲ್ಲ. ನೀವು ತೀರಿಕೊಂಡು ನೂರು ವರ್ಷದ ಮೇಲಾಗಿದೆ. ಈ ಕಾಗದ ನಿಮ್ಮನ್ನು ಮುಟ್ಟುವುದಿಲ್ಲವೆಂದು ನನಗೂ ಗೊತ್ತು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ನಿಮ್ಮ ಕಾಲದ ಕೆಲವು ಮಾತುಗಳನ್ನು ನಾನೇ ತಪ್ಪಾಗಿ ಬಳಸುತ್ತಿರಬಹುದು. ಎರಡನ್ನೂ ಮನ್ನಿಸಿ. ನನ್ನ ಹೆಸರು ಹೊನ್ನೂರಮ್ಮ, ವಯಸ್ಸು ಐವತ್ತೈದು. ನಿಮ್ಮ ಹಾಗೆ ನಾನೂ ಸೈಕಲ್ ತುಳಿಯುವವಳು. ಬದುಕಿರುವ ಯಾರಿಗೂ ಹೇಳಲಾಗದ್ದನ್ನು ಬರೆಯಬೇಕಾಗಿದೆ, ಅದಕ್ಕೆ ನಿಮ್ಮನ್ನು ಹಿಡಿದುಕೊಂಡೆ.

ನಿಮ್ಮ ಪರಿಚಯ ನನಗೆ ಹೇಗಾಯಿತು ಎಂದು ಹೇಳಬೇಕು. ನಮ್ಮ ಸೈಕಲ್ ಸಂಘದ ಕಪಾಟಿನಲ್ಲಿ ನಿಮ್ಮ ದಿನಚರಿ ಇದೆ. ನೀಲಿ ರಟ್ಟಿನ ಪುಸ್ತಕ, ಅಂಚುಗಳನ್ನು ಗೆದ್ದಲು ತಿಂದಿದೆ. ಎರಡು ಸಾವಿರದ ಇಪ್ಪತ್ನಾಲ್ಕರ ಡಿಸೆಂಬರ್ ಕೊನೆಯ ಪುಟದಲ್ಲಿ ನೀವು ಹೀಗೆ ಬರೆದಿದ್ದೀರಿ: ಈ ವರ್ಷ ಎರಡು ಸಾವಿರದ ನೂರ ನಲವತ್ತು ಕಿಲೋಮೀಟರ್ ಆಯಿತು, ಹೊಟ್ಟೆ ಮಾತ್ರ ಕರಗಲಿಲ್ಲ, ಬೆಳಿಗ್ಗೆ ಚಳಿಗೆ ಬೆರಳು ಮರಗಟ್ಟಿ ಬ್ರೇಕು ಹಿಡಿಯಲಾಗಲಿಲ್ಲ. ಅದರ ಕೆಳಗೆ ಇನ್ನೊಂದು ಸಾಲು. ನಿಮ್ಮ ಗೆಳೆಯರೊಬ್ಬರ ಚಕ್ರ ಪಂಕ್ಚರ್ ಆಗಿ, ನೀವು ನಾಲ್ವರು ಐಮಂಗಲದ ಚಹಾದಂಗಡಿಯಲ್ಲಿ ಒಂದೂವರೆ ಗಂಟೆ ಕಾದಿರಿ, ಯಾರಿಗೂ ಬೇಸರವಾಗಲಿಲ್ಲ. ಪ್ರತಿವರ್ಷ ಬಯಲುಗಾಲದ ಮೊದಲ ದಿನ ನಮ್ಮ ಸಂಘದಲ್ಲಿ ಈ ಪುಟವನ್ನು ಗಟ್ಟಿಯಾಗಿ ಓದುತ್ತೇವೆ. ಆ ಸಾಲು ಬಂದಾಗ ಎಲ್ಲರೂ ನಗುತ್ತಾರೆ. ನಾನೂ ಇಪ್ಪತ್ತೆರಡು ವರ್ಷ ನಕ್ಕಿದ್ದೇನೆ.

ಬಯಲುಗಾಲ ಅಂದರೆ ನಾವು ಹಗಲು ಹೊರಗೆ ಬರಬಹುದಾದ ಐವತ್ತು ದಿನಗಳು. ನವೆಂಬರ್ ಹನ್ನೆರಡರಿಂದ ಡಿಸೆಂಬರ್ ಮೂವತ್ತೊಂದರವರೆಗೆ. ಉಳಿದದ್ದೆಲ್ಲ ನೆರಳುಗಾಲ, ಅಷ್ಟೂ ತಿಂಗಳು ನಾವು ಕೋಟೆಯ ಬಂಡೆಯೊಳಗೆ ಕೊರೆದ ಮನೆಗಳಲ್ಲಿ ಇರುತ್ತೇವೆ. ಮೇಲಿನಿಂದ ಇಳಿಬಿಟ್ಟ ಗಾಜಿನ ಕೊಳವೆಯಲ್ಲಿ ಹಗಲು ತಟ್ಟೆಯಗಲ ಬೆಳಕು ಬೀಳುತ್ತದೆ. ಅಕ್ಕಪಕ್ಕದ ಮನೆಯವರು ಆ ಬೆಳಕಿನ ಸುತ್ತ ಕೂತು ಸೊಪ್ಪು ಸೋಸುತ್ತಾರೆ, ಬಟ್ಟೆ ಹೊಲಿಯುತ್ತಾರೆ, ಜಗಳವಾಡುತ್ತಾರೆ. ಗಾಳಿಯಾಡಲು ಪಂಕಗಳಿವೆ, ಪಂಕ ತಿರುಗಲು ನಾವು ತುಳಿಯಬೇಕು. ಹದಿನಾರು ತುಂಬಿದವರೆಲ್ಲ ದಿನಕ್ಕೆ ಎರಡು ಗಂಟೆ ನೆಲಕ್ಕೆ ಬಿಗಿದ ಪೆಡಲುಗಳನ್ನು ತುಳಿಯುತ್ತೇವೆ. ಅದಕ್ಕೆ ಕಟ್ಟುತುಳಿತ ಎಂದು ಹೆಸರು. ನನ್ನ ಬಲಮೊಣಕಾಲು ಹಾಳಾದದ್ದು ಅದರಲ್ಲೇ. ನಿಮ್ಮ ಬೇಸಿಗೆಯ ಬೆಳಗಿನಷ್ಟು ಬಿಸಿ ಇದ್ದರೆ ಅದನ್ನು ನಾವು ಚಳಿ ಎನ್ನುತ್ತೇವೆ, ಆ ಚಳಿಗಾಗಿ ಹತ್ತು ತಿಂಗಳು ಕಾಯುತ್ತೇವೆ.

ಬಯಲುಗಾಲದಲ್ಲಿಯೂ ಜನ ಊರಿನಿಂದ ಮೂರು ಕಿಲೋಮೀಟರ್ ಆಚೆ ನಡೆದುಹೋಗುವಂತಿಲ್ಲ. ಸೈಕಲ್ ಇದ್ದವರಿಗೆ ಮಾತ್ರ ಆ ಎಲ್ಲೆ ಇಲ್ಲ. ಹೊರಡುವಾಗ ಕಾವಲುಕಟ್ಟೆಯ ಪುಸ್ತಕದಲ್ಲಿ ಕಾರಣ ಬರೆಯಬೇಕು. ಕೆಲಸದವರು ಕೆಲಸದ ಹೆಸರು ಬರೆಯುತ್ತಾರೆ, ನಾವು ‘ಸುಮ್ಮನೆ’ ಎಂದು ಬರೆಯುತ್ತೇವೆ. ಆದ್ದರಿಂದ ಜನ ನಮ್ಮನ್ನು ಸುಮ್ಮನೆ ಸವಾರರು ಎನ್ನುತ್ತಾರೆ. ಇಡೀ ಊರಿಗೆ ಸುಮ್ಮನೆ ಸವಾರಿಯ ಸೈಕಲ್ ಒಂಬತ್ತೇ ಇವೆ. ಟೈರಿನ ರಬ್ಬರು ಅಷ್ಟಕ್ಕೇ ಸಾಕು. ಸೈಕಲ್ಲಿಗಾಗಿ ಹೆಸರು ಕೊಟ್ಟು ಕಾಯುತ್ತಿರುವವರು ಮುನ್ನೂರ ಚಿಲ್ಲರೆ ಜನ. ಆದ್ದರಿಂದ ಸಂಘದಲ್ಲಿ ಒಂದು ನಿಯಮವಿದೆ. ವರ್ಷದ ಕೊನೆಯ ದಿನ ಒಂಬತ್ತೂ ಜನ ಐಮಂಗಲ, ಹಿರಿಯೂರಿನ ಮೇಲೆ ಮಾರಿಕಣಿವೆ ಅಣೆಕಟ್ಟಿನವರೆಗೆ ತುಳಿಯಬೇಕು, ಸುಮಾರು ಐವತ್ತೆಂಟು ಕಿಲೋಮೀಟರ್. ಕೊನೆಯಲ್ಲಿ ಬಂದವರು ಸೈಕಲ್ ಬಿಟ್ಟುಕೊಡಬೇಕು, ಅವರ ಹೆಸರು ಮತ್ತೆಂದೂ ಪಟ್ಟಿಗೆ ಸೇರುವುದಿಲ್ಲ. ಅವರಿಗೆ ಚೆಂಡುಹೂವಿನ ಹಾರ ಹಾಕಿ, ಮೊದಲ ಹೋಳಿಗೆ ತಿನ್ನಿಸಿ, ಚಪ್ಪಾಳೆ ತಟ್ಟಿ ಎತ್ತಿನ ಗಾಡಿಯಲ್ಲಿ ವಾಪಸು ಕಳಿಸುತ್ತೇವೆ. ಅವರಿಗಿಂತ ಒಂದು ಸ್ಥಾನ ಮೇಲೆ ಬಂದವರೇ ಹಾರ ಹಾಕುವುದು ರೂಢಿ.

ನನಗೆ ಸೈಕಲ್ ಕಲಿಸಿದವನು ಪಾಲಯ್ಯ. ನಮ್ಮ ಸಾಲಿನಲ್ಲಿ ಎದುರುಮನೆಯವನು, ಪಂಕ ರಿಪೇರಿ ಮಾಡುತ್ತಿದ್ದ. ನನಗೆ ಮೂವತ್ತೆರಡಾದಾಗ ಪಟ್ಟಿಯಲ್ಲಿ ನನ್ನ ಹೆಸರು ಬಂತು. ಅವನು ಸೀಟಿನ ಹಿಂಭಾಗ ಹಿಡಿದುಕೊಂಡು ಐದು ದಿನ ನನ್ನ ಹಿಂದೆ ಓಡಿದ. ಕೈಬಿಟ್ಟದ್ದು ನನಗೆ ತಿಳಿಯಲೇ ಇಲ್ಲ. ಅವನನ್ನು ದೇವರಂಥ ಮನುಷ್ಯ ಎಂದು ತಿಳಿಯಬೇಡಿ. ಮೂವತ್ತು ವರ್ಷ ಸಂಘದಲ್ಲಿದ್ದು ಮೂವತ್ತು ಜನ ಸೈಕಲ್ ಕಳೆದುಕೊಂಡದ್ದನ್ನು ನೋಡಿದವನು, ಮೂರು ಸಲ ತನ್ನ ಕೈಯಿಂದಲೇ ಹಾರ ಹಾಕಿದವನು. ಒಂದು ವರ್ಷ ಹೆಂಗಸೊಬ್ಬಳು ಹಾರ ಹಾಕಿಸಿಕೊಂಡು ಅತ್ತಾಗ, “ಹೋಳಿಗೆ ಉಪ್ಪಾಗುತ್ತೆ ಕಣಮ್ಮ, ತಿಂದು ಅಳು” ಅಂದಿದ್ದ. ಎಲ್ಲರೂ ನಕ್ಕಿದ್ದೆವು. ನಿಮ್ಮ ದಿನಚರಿಯ ಸಾಲು ಕೇಳಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನೂ ಅವನೇ. ಆದರೆ ಅವನು ಸವಾರಿಗೆ ಬರುತ್ತಿದ್ದದ್ದು ಒಂದೇ ಕಾರಣಕ್ಕೆ: ವರ್ಷಕ್ಕೊಮ್ಮೆ ಅಣೆಕಟ್ಟಿನ ಮೆಟ್ಟಿಲು ಹತ್ತಿ ನೀರು ನೋಡಲು. ನಮ್ಮ ನೀರೆಲ್ಲ ಕೊಳಾಯಿಯಲ್ಲಿ ಬರುವ ನೀರು, ರುದ್ರಮುನಿಯವರೇ. ನೆಲದ ಮೇಲೆ ಹರಡಿಕೊಂಡ ನೀರನ್ನು ನಮ್ಮ ಊರಿನ ಹೆಚ್ಚಿನವರು ಹುಟ್ಟಿದಾಗಿನಿಂದ ಕಂಡಿಲ್ಲ. ನೋಡಿ ಬಂದ ಮೇಲೆ ಅವನು ವಾರಗಟ್ಟಲೆ ಅದರ ಮಾತನ್ನೇ ಆಡುತ್ತಿದ್ದ.

ಕಳೆದ ವರ್ಷದ ಕೊನೆಯ ಸವಾರಿಯ ದಿನ ಮೂಡಣ ಗಾಳಿ ಎದ್ದಿತ್ತು. ದುರ್ಗದಿಂದ ಹಿರಿಯೂರಿನವರೆಗೆ ಅದು ಎದುರುಗಾಳಿ. ಹಳೆಯ ಹೆದ್ದಾರಿಯ ಡಾಂಬರು ಬಿರಿದು ಹಾವಿನ ಪೊರೆಯ ಹಾಗೆ ಎದ್ದಿದೆ, ಎರಡೂ ಕಡೆ ಜಾಲಿ. ಹತ್ತು ಕಿಲೋಮೀಟರ್ ದಾಟುವ ಮೊದಲೇ ನನ್ನ ಮೊಣಕಾಲು ಊದಿಕೊಂಡಿತು. ಏಳು ಜನ ಮುಂದೆ ಹೋದರು. ಪಾಲಯ್ಯನಿಗೆ ಅರವತ್ತೇಳಾಗಿದ್ದರೂ ಅವನು ಅವರ ಜೊತೆಯಲ್ಲೇ ಇದ್ದ. ಐಮಂಗಲದ ಹತ್ತಿರ ನೋಡುತ್ತೇನೆ, ಅವನು ವೇಗ ತಗ್ಗಿಸಿ ನನ್ನ ಮುಂದೆ ಬಂದು ಸೇರಿಕೊಂಡಿದ್ದಾನೆ.

“ನನ್ನ ಬೆನ್ನ ಹಿಂದೆ ಬಾ,” ಅಂದ. “ಚಕ್ರಕ್ಕೆ ಚಕ್ರ ತಾಕೋ ಹಾಗೆ ಇಟ್ಕೋ. ಗಾಳಿ ನಾನು ತಿಂತೀನಿ.”

“ನೀನು ಕೊನೆಯವನಾಗ್ತೀಯ.”

“ಯಾಕಾಗ್ತೀನಿ? ಮುಂದೆ ಮೃತ್ಯುಂಜಯ ಏದುಸಿರು ಬಿಡ್ತಾ ಇದ್ದಾನೆ. ಹಿರಿಯೂರು ದಾಟಿದ ಮೇಲೆ ಅವನ್ನ ಇಬ್ರೂ ಹಿಡಿಯೋಣ.”

ನೀವು ಸವಾರರು, ಬೆನ್ನ ಹಿಂದಿನ ಆ ಜಾಗ ಎಂಥದ್ದು ಎಂದು ನಿಮಗೆ ವಿವರಿಸಬೇಕಾಗಿಲ್ಲ. ಅಲ್ಲಿ ಗಾಳಿ ಇರುವುದಿಲ್ಲ. ಮುಂದಿನವನು ಇಬ್ಬರ ಪಾಲಿನ ಕಷ್ಟ ಪಡುತ್ತಾನೆ. ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ದೂರ ಅವನ ಅಂಗಿಯ ಬೆನ್ನು ಬೆವರಿಗೆ ಕಪ್ಪಾಗುತ್ತ ಹೋದದ್ದನ್ನು ನೋಡಿಕೊಂಡು ನಾನು ಹಗುರವಾಗಿ ತುಳಿದೆ. ಮೊಣಕಾಲಿನ ನೋವು ಇಳಿಯಿತು. ಮಧ್ಯೆ ಎರಡು ಸಲ ಅವನು ಕೆಮ್ಮಿದ, ಒಂದು ಸಲ ಹಿಂತಿರುಗದೆ ಕೈಯಿಂದ ಗುಂಡಿ ತೋರಿಸಿದ.

ಹಿರಿಯೂರಿನಲ್ಲಿ ದಾರಿ ಪಡುವಣಕ್ಕೆ ತಿರುಗುತ್ತದೆ. ಅಲ್ಲಿಂದ ಗಾಳಿ ಬೆನ್ನಿಗೆ, ಇನ್ನು ಯಾರಿಗೂ ಯಾರ ಮರೆಯೂ ಬೇಡ. ಮೃತ್ಯುಂಜಯ ದೂರದಲ್ಲಿ ಕಂಡ, ಆದರೆ ಅಂತರ ಕಡಿಮೆಯಾಗಲಿಲ್ಲ. ಪಾಲಯ್ಯನ ಕಾಲಿನಲ್ಲಿ ಏನೂ ಉಳಿದಿರಲಿಲ್ಲ. ಅಣೆಕಟ್ಟಿಗೆ ನಾಲ್ಕು ಕಿಲೋಮೀಟರ್ ಇದ್ದಾಗ ಅವನು ನನ್ನ ಪಕ್ಕಕ್ಕೆ ಬಂದ.

“ಅವನು ಸಿಗಲ್ಲ ಹೊನ್ನೂರಿ. ಒಂದು ಕೆಲಸ ಮಾಡೋಣ. ಇಬ್ರೂ ಒಟ್ಟಿಗೆ ಗೆರೆ ದಾಟೋಣ. ಒಂದೇ ಸಲಕ್ಕೆ ಇಬ್ರು ಬಂದ್ರೆ ಯಾರನ್ನ ತೆಗೀಬೇಕು ಅಂತ ನಿಯಮ ಇಲ್ಲ. ನಾನು ಪುಸ್ತಕ ನೋಡಿದ್ದೀನಿ.”

“ಒಪ್ತಾರಾ?”

“ಒಪ್ಪದೆ ಏನ್ಮಾಡ್ತಾರೆ. ಈ ವರ್ಷ ಯಾರೂ ಹೋಗಲ್ಲ. ಪಟ್ಟೀಲಿರೋರು ಇನ್ನೊಂದು ವರ್ಷ ಕಾಯ್ಲಿ. ಆಯ್ತಾ?”

“ಹೂಂ,” ಅಂದೆ.

ಆಗ ನಾನು ಸುಳ್ಳು ಹೇಳಲಿಲ್ಲ. ಇದನ್ನು ನೀವು ನಂಬಬೇಕು, ನಂಬಿದರೆ ನನಗೆ ಉಪಕಾರವೇನೂ ಆಗುವುದಿಲ್ಲ. ನಾಲ್ಕು ಕಿಲೋಮೀಟರ್ ಪಕ್ಕಪಕ್ಕದಲ್ಲೇ ಬಂದೆವು. ಅವನು ಏದುಸಿರಿನ ನಡುವೆ, ಈ ಸಲ ಮೆಟ್ಟಿಲು ಹತ್ತೋಕೆ ನೀನೇ ಕೈ ಹಿಡ್ಕೋಬೇಕು ಅಂದ. ಕೊನೆಯ ತಿರುವು ಕಳೆದರೆ ಇನ್ನೂರು ಮೀಟರ್ ನೇರ ದಾರಿ, ಅದರ ತುದಿಯಲ್ಲಿ ಸುಣ್ಣದ ಗೆರೆ. ಗೆರೆಯ ಆಚೆ ಏಳು ಜನ ನಿಂತಿದ್ದರು, ಸಂಘದ ಕಾರ್ಯದರ್ಶಿಯ ತೋಳಿನಲ್ಲಿ ಹಾರವಿತ್ತು. ಆ ಹಾರ ಕಂಡದ್ದೇ ತಡ, ಒಟ್ಟಿಗೆ ದಾಟಿದರೆ ಅವರು ಪುಸ್ತಕ ತೆಗೆಯುತ್ತಾರೆ, ಚರ್ಚೆ ಮಾಡುತ್ತಾರೆ, ಇಬ್ಬರಲ್ಲಿ ಮೊಣಕಾಲು ಹಾಳಾದವಳನ್ನೇ ಆರಿಸುತ್ತಾರೆ ಅನ್ನಿಸಿತು. ನನ್ನ ಕಾಲುಗಳು ತಾಜಾ ಇದ್ದವು. ನಾನು ಎದ್ದು ನಿಂತು ತುಳಿದೆ.

“ಹೊನ್ನೂರಿ,” ಅಂದ.

ಕೂಗಲಿಲ್ಲ. ಚಹಾಕ್ಕೆ ಕರೆಯುವ ಹಾಗೆ ಕರೆದ. ಆಮೇಲೆ ನಾನು ಎಲ್ಲರಿಗೂ ಗಾಳಿಯಲ್ಲಿ ಏನೂ ಕೇಳಿಸಲಿಲ್ಲ ಎಂದು ಹೇಳಿದ್ದೇನೆ. ಗಾಳಿ ಹಿಂದಿನಿಂದ ಬೀಸುತ್ತಿತ್ತು. ಅವನ ಮಾತನ್ನು ಅದೇ ತಂದು ನನ್ನ ಕಿವಿಗೆ ಹಾಕಿತು.

ನಾನು ಗೆರೆ ದಾಟಿದ ಮೇಲೆ ಅವನು ವೇಗ ಹೆಚ್ಚಿಸಲೂ ಇಲ್ಲ, ತಗ್ಗಿಸಲೂ ಇಲ್ಲ. ಬಂದು ಇಳಿದು ಸೈಕಲನ್ನು ಸ್ಟ್ಯಾಂಡಿಗೆ ಹಾಕಿ ನಿಲ್ಲಿಸಿದ. ಕಾರ್ಯದರ್ಶಿ ಹಾರವನ್ನು ನನ್ನ ಕೈಗೆ ಕೊಟ್ಟರು. ಪಾಲಯ್ಯ ತಲೆ ಬಾಗಿಸಿದ, ನಾನು ಹಾಕಿದೆ. ಏಳು ಜನ ಚಪ್ಪಾಳೆ ತಟ್ಟಿದರು. ಅವನು ನನ್ನ ಮುಖ ನೋಡದೆ ಕಾರ್ಯದರ್ಶಿಗೆ, “ಹಿಂದಿನ ಚಕ್ರ ಸ್ವಲ್ಪ ಎಡಕ್ಕೆ ಎಳೆಯುತ್ತೆ, ಹೊಸಬರಿಗೆ ಹೇಳಿ,” ಅಂದ. ಹೋಳಿಗೆಯನ್ನು ಪೂರ್ತಿ ತಿಂದ. ಮೆಟ್ಟಿಲು ಅಲ್ಲಿಂದ ಐವತ್ತು ಹೆಜ್ಜೆ ದೂರದಲ್ಲಿತ್ತು. ಆದರೆ ಸೈಕಲ್ ಬಿಟ್ಟುಕೊಟ್ಟವರು ಆ ಕ್ಷಣದಿಂದ ಎಲ್ಲೆಯ ಆಚೆ ನಿಲ್ಲುವಂತಿಲ್ಲ, ಗಾಡಿ ಸಿದ್ಧವಾಗಿತ್ತು. “ಒಂದ್ಸಲ ಹತ್ತಿ ಇಳೀತೀನಿ” ಎಂದು ಅವನು ಕೇಳಿದ. ನಿಯಮ ಹಾಗಿಲ್ಲವಲ್ಲ ಎಂದು ಕಾರ್ಯದರ್ಶಿ ಮೃದುವಾಗಿ ಹೇಳಿದರು. ಎಂಟು ಜನರಲ್ಲಿ ಒಬ್ಬರೂ ಅವನ ಪರವಾಗಿ ಮಾತಾಡಲಿಲ್ಲ. ನಾನು ಬ್ರೇಕಿನ ತಂತಿಯಲ್ಲಿ ಏನೋ ಸರಿಮಾಡುತ್ತಿರುವವಳಂತೆ ಬಗ್ಗಿಕೊಂಡಿದ್ದೆ. ಗಾಡಿ ಹೋದ ಮೇಲೆ ಉಳಿದವರು ಮೆಟ್ಟಿಲು ಹತ್ತಿದರು. ನಾನು ಮೊಣಕಾಲಿನ ನೆಪ ಹೇಳಿ ಕೆಳಗೇ ಕೂತೆ. ಆ ವರ್ಷ ನಾನು ನೀರು ನೋಡಲಿಲ್ಲ.

ನೆರಳುಗಾಲ ಶುರುವಾಯಿತು. ಎದುರುಮನೆಯಾದರೂ ಐದು ತಿಂಗಳು ನಾನು ಅವನ ಕಣ್ಣಿಗೆ ಬೀಳಲಿಲ್ಲ, ಕಟ್ಟುತುಳಿತದ ಪಾಳಿಯನ್ನೇ ಬದಲಿಸಿಕೊಂಡೆ. ಜೂನ್ ತಿಂಗಳಲ್ಲಿ ಅವನ ಶ್ವಾಸಕೋಶದಲ್ಲಿ ನೀರು ತುಂಬಿದೆ, ಹಾಸಿಗೆ ಹಿಡಿದಿದ್ದಾನೆ ಎಂದು ತಿಳಿಯಿತು. ಅವನೇ ಹೇಳಿಕಳಿಸಿದ, ಹೊನ್ನೂರಿಗೆ ಬರೋಕೆ ಹೇಳಿ ಅಂತ. ಒಂದು ಬಟ್ಟಲು ರಾಗಿ ಗಂಜಿ ಮಾಡಿಕೊಂಡು ಹೋದೆ. ಬೆಳಕಿನ ಕೊಳವೆಯ ಕೆಳಗೆ ದಿಂಬಿಗೆ ಒರಗಿ ಕೂತಿದ್ದ. ಬೈಯುತ್ತಾನೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

“ಕೂತ್ಕೋ,” ಅಂದ. “ಆವತ್ತು ನಂಗೆ ನೋಡೋಕೆ ಆಗ್ಲಿಲ್ಲ. ನೀರು ಎಷ್ಟಿತ್ತು ಹೇಳು.”

ನೋಡಲಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅವನ ಪಾಲಿನದ್ದನ್ನು ಕಿತ್ತುಕೊಂಡು, ಅದನ್ನು ತೆರೆದೂ ನೋಡದೆ ಎಸೆದೆ ಎಂದು ಹೇಗೆ ಹೇಳುವುದು? ಸಾಯುವವನಿಗೆ ಸಮಾಧಾನವಾಗಲಿ ಎಂದುಕೊಂಡು, “ತುಂಬಿತ್ತು ಪಾಲಯ್ಯ, ಅಂಚಿನವರೆಗೂ ಇತ್ತು,” ಅಂದೆ.

“ಅಂಚಿನವರೆಗೂ?”

“ಗಾಳಿಗೆ ಅಲೆ ಎದ್ದು ಕಲ್ಲಿಗೆ ಹೊಡೀತಿತ್ತು.”

“ಬಣ್ಣ?”

“ನೀಲಿ. ಆ ಕಡೆ ಗುಡ್ಡದ ಹತ್ತಿರ ಹಸಿರು.”

“ಹಕ್ಕಿ ಇದ್ವಾ?”

“ಇದ್ವು. ಬಿಳಿ ಹಕ್ಕಿ.”

“ಎಷ್ಟಿದ್ವು?”

“ಒಂದು ನಲವತ್ತು ಇದ್ದಿರಬೇಕು. ಒಟ್ಟಿಗೆ ಎದ್ದು ಒಂದು ಸುತ್ತು ಹೊಡೆದು ಮತ್ತೆ ನೀರಿನ ಮೇಲೇ ಕೂತ್ಕೊಂಡ್ವು.”

ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ. ನನಗೆ ಧೈರ್ಯ ಬಂತು. ನೀರಿನ ವಾಸನೆ, ಮೆಟ್ಟಿಲ ಮೇಲೆ ಬಿದ್ದ ತುಂತುರು, ಆ ದಡದಲ್ಲಿ ಕಂಡ ಮರದ ನೆರಳು, ಒಂದೊಂದನ್ನೇ ಕಟ್ಟಿ ಹೇಳಿದೆ. ಅವನು ನಡುನಡುವೆ ಇನ್ನೂ ಹೇಳು ಎನ್ನುತ್ತಿದ್ದ. ಹದಿನೈದು ನಿಮಿಷವಾದರೂ ಹೇಳಿರಬೇಕು. ಕೊನೆಗೆ ಹೇಳಲು ಏನೂ ಉಳಿಯದೆ ನಿಲ್ಲಿಸಿದೆ.

“ಮೃತ್ಯುಂಜಯ ಸಂಕ್ರಾಂತಿಗೆ ಎಳ್ಳು ಕೊಡೋಕೆ ಬಂದಿದ್ದ,” ಅಂದ ಪಾಲಯ್ಯ, ಕಣ್ಣು ತೆರೆಯದೆ. “ಆ ವರ್ಷ ನೀರೇ ಇರಲಿಲ್ವಂತೆ. ತಳದಲ್ಲಿ ಒಣಗಿದ ಕೆಸರು, ಮಧ್ಯೆ ಒಂದು ಮುರಿದ ದೋಣಿ. ಅಷ್ಟೇ.”

ನಾನು ಗಂಜಿಯ ಬಟ್ಟಲನ್ನು ಹಿಡಿದುಕೊಂಡೇ ಇದ್ದೆ.

“ನೀನು ಮೆಟ್ಟಿಲು ಹತ್ತಲಿಲ್ಲ ಅಂತಾನೂ ಅವನೇ ಹೇಳ್ದ. ನೀನೇ ಹೇಳ್ತೀಯೇನೋ ಅಂತ ಕಾದೆ.” ಸ್ವಲ್ಪ ಹೊತ್ತು ಉಸಿರಾಡಿಕೊಂಡು, “ಗಂಜಿ ತಗೊಂಡು ಹೋಗು. ಇನ್ಮೇಲೆ ಬರಬೇಡ,” ಅಂದ.

ನಾನು ಎದ್ದೆ. ಬಾಗಿಲಿನಲ್ಲಿ ನಿಂತು, “ತಪ್ಪಾಯ್ತು,” ಅಂದೆ. ಅವನು ಗೋಡೆಯ ಕಡೆ ತಿರುಗಿ ಮಲಗಿದ. ಮೂರು ವಾರದ ಮೇಲೆ ಸತ್ತವರ ಹೆಸರು ಹಾಕುವ ಸಾಲಿನ ಹಲಗೆಯ ಮೇಲೆ ಅವನ ಹೆಸರು ಬರೆದಿದ್ದರು. ಅವನನ್ನು ಹೊರುವವರು ನಮ್ಮ ಬಾಗಿಲ ಮುಂದೆಯೇ ಹಾದು ಹೋದರು. ನಾನು ಬಾಗಿಲು ತೆರೆಯಲಿಲ್ಲ. ಬರಬೇಡ ಎಂದವನ ಮಾತು ನಡೆಸುತ್ತಿದ್ದೇನೆ ಎಂದುಕೊಂಡೆ. ಇನ್ನೊಂದು ಸುಳ್ಳು.

ಅವನ ಸೈಕಲ್ ಈಗ ದಾಕ್ಷಾಯಿಣಿ ಎಂಬ ಇಪ್ಪತ್ತಮೂರರ ಹುಡುಗಿಯ ಬಳಿ ಇದೆ. ಪಂಕದ ರಿಪೇರಿಯನ್ನು ಪಾಲಯ್ಯನಿಂದಲೇ ಕಲಿತವಳು. ತುಂಬ ಗಟ್ಟಿಯಾಗಿ ಬ್ರೇಕು ಹಿಡಿಯುತ್ತಾಳೆ, ಇಳಿಜಾರಿಗೆ ಹೆದರುತ್ತಾಳೆ, ಎಂಟು ಜನರಲ್ಲಿ ನನ್ನೊಬ್ಬಳಿಗಿಂತ ಮಾತ್ರ ಮುಂದೆ ಬರುತ್ತಾಳೆ, ಅದೂ ಎಲ್ಲ ದಿನ ಅಲ್ಲ. ಮೊನ್ನೆ ಸವಾರಿ ಮುಗಿಸಿ ಕೈಕಾಲು ತೊಳೆಯುತ್ತಿದ್ದಾಗ ನನ್ನ ಪಕ್ಕ ಬಂದು ನಿಂತಳು.

“ಅಕ್ಕಾ, ಕೊನೆಯ ದಿನ ನಾವಿಬ್ರೂ ಜೊತೇಲಿ ತುಳಿಯೋಣ್ವಾ? ಎದುರುಗಾಳಿ ಬಂದ್ರೆ ಸರದಿ ಮೇಲೆ ಮುಂದೆ ಹೋಗೋಣ. ಪಾಲಯ್ಯಜ್ಜ ನಿಮ್ಮ ಹತ್ರ ಕಲಿ ಅಂದಿದ್ರು.”

“ಯಾವಾಗ ಅಂದಿದ್ದ?”

“ನನ್ನ ಹೆಸರು ಬಂದಾಗ. ಜನವರಿಯಲ್ಲಿ. ನಿಮ್ಮಷ್ಟು ಚೆನ್ನಾಗಿ ಬೆನ್ನು ಹಿಡಿಯೋರು ಯಾರೂ ಇಲ್ಲ ಅಂದ್ರು.”

ಅವನು ಅದನ್ನು ಹೊಗಳಿ ಹೇಳಿದನೋ, ಅವಳನ್ನು ಎಚ್ಚರಿಸಲು ಹೇಳಿದನೋ, ನನಗೆ ತಿಳಿಯದು. ಅವಳು ಹೊಗಳಿಕೆ ಎಂದುಕೊಂಡಿದ್ದಾಳೆ. ನಾನು ಆಗಲಿ ಅಂದೆ.

ನಿಮಗೆ ಇನ್ನೂ ಒಂದು ವಿಷಯ ಹೇಳುವುದಿದೆ, ಇದನ್ನು ಕೊನೆಗೆ ಉಳಿಸಿಕೊಂಡದ್ದು ನಾಚಿಕೆಯಿಂದ. ಈ ಬಯಲುಗಾಲದ ಮೊದಲ ಸಭೆಯಲ್ಲಿ ಸಂಘ ಒಂದು ಹೊಸ ನಿಯಮ ಸೇರಿಸಿತು. ಇಬ್ಬರು ಒಟ್ಟಿಗೆ ಕೊನೆಯಲ್ಲಿ ಗೆರೆ ದಾಟಿದರೆ ಇಬ್ಬರ ಸೈಕಲ್ಲನ್ನೂ ತೆಗೆದುಕೊಳ್ಳುವುದು. ಅದನ್ನು ಸೂಚಿಸಿದವಳು ನಾನು. ಯಾಕೆ ಎಂದು ಕಾರ್ಯದರ್ಶಿ ಕೇಳಿದಾಗ, ಪುಸ್ತಕದಲ್ಲಿ ಆ ಜಾಗ ಖಾಲಿ ಇದೆ, ಮುಂದೆ ತೊಂದರೆಯಾಗಬಾರದು ಎಂದೆ. ಎಲ್ಲರೂ ಕೈ ಎತ್ತಿದರು, ದಾಕ್ಷಾಯಿಣಿಯೂ ಎತ್ತಿದಳು. ನಿಜವಾದ ಕಾರಣ ಬೇರೆ. ಇನ್ನು ಮುಂದೆ ಯಾರೂ ನನ್ನ ಪಕ್ಕಕ್ಕೆ ಬಂದು ಒಟ್ಟಿಗೆ ದಾಟೋಣ ಎಂದು ಕೇಳಬಾರದು ಎಂಬುದು ನನ್ನ ಆಸೆಯಾಗಿತ್ತು. ಅದನ್ನು ಇನ್ನೊಮ್ಮೆ ಕೇಳಿಸಿಕೊಳ್ಳುವ ಶಕ್ತಿ ನನಗಿಲ್ಲ.

ಈ ಕಾಗದವನ್ನು ಮಡಿಚಿ ನಿಮ್ಮ ದಿನಚರಿಯ ರಟ್ಟಿನೊಳಗೆ ತೂರಿಸಿ ಇಡುತ್ತೇನೆ. ಮುಂದೆ ಯಾರಾದರೂ ತೆರೆದು ಓದಿದರೆ ಅವರಿಗೆ ನನ್ನದು ಒಂದೇ ಕೋರಿಕೆ: ನನ್ನ ಹೆಸರನ್ನು ಅಳಿಸಬೇಡಿ, ಪಾಲಯ್ಯನ ಹೆಸರಿನ ಪಕ್ಕದಲ್ಲೇ ಇರಲಿ. ನಿಮ್ಮನ್ನು ಕೇಳಿಕೊಳ್ಳಲು ಏನೂ ಇಲ್ಲ. ನಿಮ್ಮ ಚಳಿಗಾಲ ನಿಮಗೆ ತಂಪಾಗಿರಲಿ.

ಕೊಳವೆಯ ಬೆಳಕು ಗೋಡೆಗೆ ಏರುತ್ತಿದೆ, ಮೂರು ಗಂಟೆಯಾಗಿರಬೇಕು. ಮೊಣಕಾಲಿಗೆ ಹರಳೆಣ್ಣೆಯ ಪಟ್ಟು ಹಾಕಿಕೊಂಡು ಈಗಲೇ ಮಲಗುತ್ತೇನೆ. ನಾಳೆಯೂ ಮೂಡಣ ಗಾಳಿ ಎಂದು ಕಾವಲುಕಟ್ಟೆಯವರು ಹೇಳಿದ್ದಾರೆ. ದಾಕ್ಷಾಯಿಣಿಗೆ ಗಾಳಿಯ ಎದುರು ಎಷ್ಟು ಹೊತ್ತು ಮುಂದೆ ಇರಬೇಕೆಂದು ಗೊತ್ತಾಗುವುದಿಲ್ಲ, ಹೇಳಿದಷ್ಟು ಹೊತ್ತು ಇರುತ್ತಾಳೆ. ಹಿರಿಯೂರು ದಾಟುವ ಹೊತ್ತಿಗೆ ನನ್ನ ಕಾಲು ಹಗುರವಾಗಿರಬೇಕು.

ಇಂತಿ,
ಹೊನ್ನೂರಮ್ಮ